ಶೇಕಡಾ ಎಂಟರ ಬಾಬ್ತು

ಇವರಿಗೆ,
ಮಹಾರಾಣಿಯವರ ಖಜಾನೆಯ ಮಾನ್ಯ ಪ್ರಭುಗಳು, ಲಂಡನ್.

ವಿಷಯ: ಕಡಲಾಚೆಯ ಟಪಾಲಿಗೆಂದು ನಮ್ಮಿಂದ ವಸೂಲಾದ ಹಣದ ಬಗ್ಗೆ.
ಉಲ್ಲೇಖ: ನಮ್ಮನ್ನು ಕೇಳಿ ತಾವು ಬರೆದ ಪತ್ರ ಇಲ್ಲದ ಕಾರಣ, ಇಲ್ಲ.

ಪ್ರಭುಗಳೇ,

ತಾವೆಲ್ಲ ತೀರಿಕೊಂಡು ನೂರು ವರ್ಷದ ಮೇಲಾಯಿತೆಂದು ಬಲ್ಲೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇವತ್ತು ಬೈಯಲು ಬದುಕಿರುವವರು ಯಾರೂ ಕೈಗೆ ಸಿಗಲಿಲ್ಲ. ಮೆಲ್ಬರ್ನಿನಲ್ಲಿರುವ ಗೆಳೆಯನಿಗೆ ನಾಲ್ಕು ಕನ್ನಡ ಪುಸ್ತಕ ಕಳಿಸೋಣವೆಂದು ಹೋಗಿದ್ದೆ. ಮಧ್ಯಾಹ್ನವೆಲ್ಲ ಸಾಲಿನಲ್ಲಿ ನಿಂತು, ಫಾರಮ್ಮು ಬರೆದು, ಅದು ಹಳೇ ಫಾರಮ್ಮು ಅನ್ನಿಸಿಕೊಂಡು, ಹೊಸದನ್ನು ಬರೆದು ಕೊನೆಗೆ ದರ ಕೇಳಿದರೆ ಪುಸ್ತಕದ ಬೆಲೆಗಿಂತ ಜಾಸ್ತಿ. "ಯಾಕಪ್ಪ ಇಷ್ಟೊಂದು?" ಅಂದೆ. "ಫಾರಿನ್ ಅಲ್ವಾ ಸಾರ್, ಆ ಕಡೆಯೋರಿಗೂ ಕೊಡಬೇಕು" ಅಂದ ಕೌಂಟರಿನ ಹುಡುಗ. ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಕಡೆಯವರಿಗೆ ಕೊಡುವ ರೂಢಿಯನ್ನು ನಮಗೆ ಹಾಕಿಕೊಟ್ಟವರು ತಾವು.

ಮೊದಮೊದಲು ಜಗಳ ತಮ್ಮವರ ನಡುವೆಯೇ ಇತ್ತು. 1830ರಲ್ಲಿ ಮುಂಬಯಿಯ ಗವರ್ನರ್ ಆಗಿದ್ದವನು ಜಾನ್ ಮಾಲ್ಕಮ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಗತಿ ತೀರ್ಮಾನಿಸಿದ ಕಮಿಷನ್ನಿಗೆ ಕಾರ್ಯದರ್ಶಿಯಾಗಿದ್ದನಲ್ಲ, ಅವನೇ. ಅವನ ಕಾಲದಲ್ಲಿ 'ಹ್ಯೂ ಲಿಂಡ್ಸೆ' ಎಂಬ ಉಗಿಹಡಗು ಟಪಾಲು ಹೊತ್ತು ಮುಂಬಯಿಯಿಂದ ಸೂಯೆಜ್‌ಗೆ ಹೊರಟಿತು. ಐದಾರು ದಿನಕ್ಕಾಗುವಷ್ಟು ಕಲ್ಲಿದ್ದಲು ಹಿಡಿಸುವ ಹಡಗಿಗೆ ಏಡನ್ ಹನ್ನೊಂದು ದಿನದ ದಾರಿ. ಹಾಗಾಗಿ ಪ್ರಯಾಣಿಕರ ಕೋಣೆಗಳಿಗೂ ಕಲ್ಲಿದ್ದಲು ತುಂಬಿದರು. ಅಂತೂ 33 ದಿನಕ್ಕೆ ಸೂಯೆಜ್ ಮುಟ್ಟಿತು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಡೈರೆಕ್ಟರುಗಳು ಕಾಗದ ಬೇಗ ಬಂತೆಂದು ಹಿಗ್ಗಲಿಲ್ಲ, ಖರ್ಚಿನ ಲೆಕ್ಕ ನೋಡಿ ಕಿಡಿಕಿಡಿಯಾದರು. ಈಜಿಪ್ಟಿನ ಮರಳುಗಾಡಿನ ಮೂಲಕ ಟಪಾಲು ದಾಟಿಸುವ ದಾರಿ ಕಟ್ಟಿದ ಥಾಮಸ್ ವ್ಯಾಗ್‌ಹಾರ್ನ್ ಎಂಬ ಪುಣ್ಯಾತ್ಮ 1850ರಲ್ಲಿ ಸಾಲದಲ್ಲಿ ಮುಳುಗಿಯೇ ಸತ್ತ. ಆಮೇಲೆ ಅವನಿಗೆ ಪ್ರತಿಮೆ ನಿಲ್ಲಿಸಿದಿರಿ. ಪ್ರತಿಮೆಗೆ ಸಂಬಳ ಕೊಡಬೇಕಾಗಿಲ್ಲವಲ್ಲ.

ತಮ್ಮ ಜಾಣತನದ ಬಗ್ಗೆ ನನಗೆ ಅಪಾರ ಗೌರವ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಡಗು ನೇರವಾಗಿ ಒಂದು ಕಡಲಿಂದ ಇನ್ನೊಂದಕ್ಕೆ ಹೋಗಬಹುದು. ಆದರೆ ಪಿ ಅಂಡ್ ಓ ಎಂಬ ಹಡಗು ಕಂಪನಿಯ ಜೊತೆಗಿನ ಕರಾರಿನಲ್ಲಿ ಟಪಾಲು ಈಜಿಪ್ಟನ್ನು ರೈಲಿನಲ್ಲಿ ದಾಟತಕ್ಕದ್ದು ಎಂದಿತ್ತು. ಸರಿ, ಚೀಲಗಳನ್ನು ಅಲೆಕ್ಸಾಂಡ್ರಿಯಾದಲ್ಲಿ ಇಳಿಸುವುದು, ರೈಲಿಗೆ ಏರಿಸುವುದು, ಸೂಯೆಜ್‌ನಲ್ಲಿ ಮತ್ತೆ ಹಡಗಿಗೆ ಏರಿಸುವುದು. ಕೆಲವು ಸಲ ಅದೇ ಹಡಗಿಗೆ! ಅದು ಕಾಲುವೆಯಲ್ಲಿ ಚೀಲವಿಲ್ಲದೆ ಹಗುರಾಗಿ ಬಂದು ಕಾಯುತ್ತಿರುತ್ತಿತ್ತು. ಟಪಾಲನ್ನೂ ಕಾಲುವೆಯಲ್ಲೇ ಒಯ್ಯುತ್ತೇವೆ ಎಂದು ಕಂಪನಿ ಕೇಳಿದರೆ, ಹಾಗಾದರೆ ನಿಮ್ಮ ಸಹಾಯಧನ ಕಡಿಮೆ ಮಾಡಿಕೊಳ್ಳಿ ಎಂದು ತಮ್ಮ ಅಂಚೆ ಇಲಾಖೆ ಹಟ ಹಿಡಿಯಿತು. ವರ್ಷಗಟ್ಟಲೆ ಚೌಕಾಸಿ ನಡೆದು 1874ರಲ್ಲಿ ಭಾರದ ಟಪಾಲಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಇಟಲಿಯ ಬ್ರಿಂಡಿಸಿಯ ಮೂಲಕ ಬರುವ ತುರ್ತು ಟಪಾಲು 1888ರವರೆಗೂ ರೈಲಿನಲ್ಲೇ ಹೋಯಿತು. ಪಕ್ಕದಲ್ಲಿ ಕಾಲುವೆ ಇಟ್ಟುಕೊಂಡು.

ಇದನ್ನೆಲ್ಲ ನಗುತ್ತಲೇ ಓದಿದೆ ಪ್ರಭುಗಳೇ. ನಗು ನಿಂತದ್ದು 1867ರ ಕರಾರಿನ ಹತ್ತಿರ.

ಪಿ ಅಂಡ್ ಓ ಕಂಪನಿಗೆ ಪೂರ್ವದೇಶಗಳ ಟಪಾಲಿಗೆಂದು ವರ್ಷಕ್ಕೆ 4,00,000 ಪೌಂಡ್ ಕೊಡುವುದೆಂದು ಒಪ್ಪಿದಿರಿ. ಆಯಿತು, ಹಡಗು ಗಾಳಿ ಕುಡಿದು ಓಡುವುದಿಲ್ಲ. ಅದರ ಕೆಳಗಿನ ಶರತ್ತು ಏನು? ಕಂಪನಿ ತನ್ನ ಶೇರುದಾರರಿಗೆ ಶೇಕಡಾ ಎಂಟು ಲಾಭ ಹಂಚಲಾಗದಿದ್ದರೆ, ಕೊರತೆ ತುಂಬಲು ಸಹಾಯಧನ 5,00,000 ಪೌಂಡ್‌ವರೆಗೆ ಏರತಕ್ಕದ್ದು! 1870ರಲ್ಲಿ ಈ ಏರಿಳಿತವೇ ಬೇಡವೆಂದು ಒಂದೇ ಮೊತ್ತ ಗೊತ್ತು ಮಾಡಿದಿರಿ: 4,50,000 ಪೌಂಡ್. ಇದರಲ್ಲಿ ಭಾರತದ ಖಜಾನೆಯ ಪಾಲೂ ಸೇರಿತ್ತು.

ಶೇಕಡಾ ಎಂಟು. ನಮ್ಮ ಕಡೆ ರಾಗಿ ಬಿತ್ತಿದವನಿಗೆ ಮಳೆರಾಯ ಶೇಕಡಾ ಒಂದರ ಭರವಸೆಯನ್ನೂ ಬರೆದುಕೊಟ್ಟವನಲ್ಲ. ಮುಂಗಾರು ಕೈಕೊಟ್ಟರೆ ಕಂದಾಯ ಇಳಿಸಿ ಎಂದು ಶಾನುಭೋಗರ ಜಗಲಿ, ಅಮಲ್ದಾರರ ಕಚೇರಿ ಎಂದು ಅಲೆಯಬೇಕಿತ್ತು. ಲಂಡನ್ನಿನ ಕಂಪನಿಗೆ ಲಾಭ ಇಳಿದರೆ ಖಜಾನೆಯೇ ಎದ್ದು ಓಡಿ ಬರುತ್ತಿತ್ತು. ಆ ಹಡಗಿನಲ್ಲಿ ನಮ್ಮ ಮಾಗಡಿಯ ರೈತ ಯಾರಿಗೆ ಕಾಗದ ಬರೆಯುತ್ತಿದ್ದ, ಹೇಳಿ? ಅವನ ಭಾವಮೈದ ಬರ್ಮಿಂಗ್‌ಹ್ಯಾಮಿನಲ್ಲಿದ್ದನೇ? ಮದುವೆಗೇ ಕರೆಯದವನ ಮನೆಗೆ ಊಟದೆಲೆಯ ಲೆಕ್ಕ ಕಳಿಸಿದ ಹಾಗಾಯಿತು.

"ನಿಮ್ಮದು ಮೈಸೂರು ಸಂಸ್ಥಾನ, ನಿಮ್ಮ ಖಜಾನೆ ಬೇರೆ" ಎಂದು ತಮ್ಮ ಗುಮಾಸ್ತ ಎದ್ದು ನಿಲ್ಲಬಹುದು. ಕೂತುಕೊಳ್ಳಲಿ. ಮೈಸೂರು ವರ್ಷಕ್ಕೆ 24½ ಲಕ್ಷ ರೂಪಾಯಿ ಪೊಗದಿಯನ್ನು ನಿಮ್ಮ ಸರ್ಕಾರಕ್ಕೇ ಎಣಿಸುತ್ತಿತ್ತು. ನಮ್ಮ ಕಾಗದ ಹೊರಲು ನಮ್ಮದೇ ಮೈಸೂರು ಅಂಚೆ ಇತ್ತು, 1889ರಲ್ಲಿ ಅದನ್ನೂ ನಿಮ್ಮ ಇಲಾಖೆಯೊಳಗೆ ಸೇರಿಸಿಕೊಂಡಿರಿ.

ಈಗ ಆಸ್ಟ್ರೇಲಿಯಾದವರನ್ನು ನೋಡಿ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ. ವಿಕ್ಟೋರಿಯಾ ವಸಾಹತಿಗೆ ಸೂಯೆಜ್ ದಾರಿ ಬೇಕು, ಹಡಗು ಮೊದಲು ಮೆಲ್ಬರ್ನಿಗೆ ಬರಬೇಕು. ನ್ಯೂ ಸೌತ್ ವೇಲ್ಸ್ ಮತ್ತು ನ್ಯೂಜಿಲೆಂಡಿಗೆ ಪನಾಮಾ ಬೇಕು. 1869ರಲ್ಲಿ ಪನಾಮಾ ದಾರಿಯ ಹಡಗು ಕಂಪನಿ ಮುಳುಗಿದ ಮೇಲೆ ಸ್ಯಾನ್‌ಫ್ರಾನ್ಸಿಸ್ಕೊ ಬೇಕು. ಕ್ವೀನ್ಸ್‌ಲೆಂಡಿಗೆ ಟಾರಿಸ್ ಜಲಸಂಧಿ. 1867ರಲ್ಲಿ ಮೆಲ್ಬರ್ನಿನಲ್ಲಿ ಸಭೆ ಸೇರಿ, ಸೂಯೆಜ್, ಪನಾಮಾ, ಟಾರಿಸ್ ಮೂರೂ ಇರಲಿ, ಖರ್ಚಿನಲ್ಲಿ ಲಂಡನ್ನೂ ಪಾಲು ಹಾಕಲಿ ಎಂದರು! ಪತ್ರಿಕೆಯಲ್ಲಿ ಬೈದರು, ಶಾಸನಸಭೆಯಲ್ಲಿ ಮೇಜು ಕುಟ್ಟಿದರು. 1898ರ ಕ್ರಿಸ್ಮಸ್ ದಿನ ಹೆನ್ನಿಕರ್ ಹೀಟನ್ ಎಂಬವನು ಹೋರಾಡಿ ತಂದ, ಕಾಗದಕ್ಕೆ ಒಂದೇ ಪೆನ್ನಿಯ ಅಂಚೆ ಸಾಮ್ರಾಜ್ಯದ ಹಲವು ಕಡೆ ಶುರುವಾದಾಗಲೂ, ವರಮಾನ ಖೋತಾ ಆಗುತ್ತದೆ, ನಮಗೆ ಬೇಡ ಎಂದು ಹೊರಗೇ ಉಳಿದರು. ನೀವು ಅವರನ್ನೇನೂ ಮಾಡಲಿಲ್ಲ. ಭಾರತ ಮಾತ್ರ ಮೊದಲ ದಿನವೇ ಒಳಗೆ. ಲಂಡನ್ನಿಗೆ ಬರೆಯುವ ದೊರೆಗಳ ಲಕೋಟೆಗೆ ಒಂದಾಣೆ. ಆ ವರ್ಷ ಉಪ್ಪಿನ ಮೇಲಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿ. ಅವರಿಗೆ ಜಗಳವಾಡಲು ಒಂದು ಜಾಗವಿತ್ತು ಪ್ರಭುಗಳೇ, ನಮಗೆ ಬಿಲ್ಲು ಮಾತ್ರ ಬರುತ್ತಿತ್ತು.

ಆಮೇಲೆ ಅದೇ ಆಸ್ಟ್ರೇಲಿಯಾ 1901ರಲ್ಲಿ ಕಾನೂನು ಮಾಡಿತು: ತನ್ನ ಟಪಾಲು ಕರಾರಿನ ಹಡಗುಗಳಲ್ಲಿ ಬಿಳಿಯರೇ ಕೆಲಸ ಮಾಡತಕ್ಕದ್ದು. ಪಿ ಅಂಡ್ ಓ ಹಡಗುಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ನಮ್ಮ ಲಸ್ಕರ್ ನಾವಿಕರು. ಹಡಗು ಸಾಕಲು ನಮ್ಮ ಕಾಸು ಆಗುತ್ತದೆ, ಬಾಯ್ಲರಿಗೆ ಕಲ್ಲಿದ್ದಲು ಎಸೆಯಲು ನಮ್ಮ ಕೈ ಆಗುತ್ತದೆ, ಮೆಲ್ಬರ್ನಿನ ಚೀಲದ ಹತ್ತಿರ ಬರಲು ಮಾತ್ರ ಆ ಕೈ ಆಗುವುದಿಲ್ಲ! ನಾಲ್ಕು ಪುಸ್ತಕ ನನ್ನ ಮೇಜಿನ ಮೇಲೇ ಬಿದ್ದಿವೆ, ಈ ಪ್ಯಾರಾ ಬರೆಯುವಾಗ ಅವುಗಳನ್ನು ನೋಡಿದರೂ ರೇಗುತ್ತದೆ.

ಇನ್ನು ತಮಾಷೆ ಸಾಕು. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಬಿದ್ದ ಬರ ಧಾತು ಈಶ್ವರ ಬರ ಎಂದು ಇನ್ನೂ ನಮ್ಮ ಹಳ್ಳಿಗಳ ಬಾಯಲ್ಲಿದೆ. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷದ ಮೇಲೆ ಜನ. 1881ರಲ್ಲಿ ಸುಮಾರು 42 ಲಕ್ಷ. ಆಗ ಮೈಸೂರನ್ನು ಆಳುತ್ತಿದ್ದದ್ದು ಅರಸರಲ್ಲ, ನಿಮ್ಮ ಕಮಿಷನರು. ಬರದ ಖರ್ಚಿನ ಹೆಸರಲ್ಲಿ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಹೊರಿಸಿ 1881ರಲ್ಲಿ ಅರಸರಿಗೆ ರಾಜ್ಯ ವಾಪಸು ಕೊಟ್ಟಿರಿ. ಗಂಜಿಗೆ ಕೊಟ್ಟದ್ದು ಸಾಲ. ಹಡಗಿನ ಶೇರುದಾರನಿಗೆ ಕೊಟ್ಟದ್ದು ಮಾತ್ರ ಸಹಾಯ, ಅದನ್ನು ಅವನು ತೀರಿಸಬೇಕಾಗಿರಲಿಲ್ಲ. ಆ ಮೂರು ವರ್ಷವೂ ಕರಾರು ಜಾರಿಯಲ್ಲಿತ್ತು. ಜನ ದಾರಿಯಲ್ಲಿ ಬಿದ್ದು ಸಾಯುತ್ತಿದ್ದಾಗ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಬಡವರಿದ್ದರು: ಒಬ್ಬನು ಮೈಸೂರಿನ ರೈತ, ಇನ್ನೊಬ್ಬನು ಪಿ ಅಂಡ್ ಓ ಶೇರುದಾರ. ಯಾರ ಕಡೆ ಮೊದಲು ನೋಡಿದಿರಿ ಎಂದು ನಾನು ಕೇಳುವುದಿಲ್ಲ, ಕರಾರನ್ನು ಓದಿದ್ದೇನೆ.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಕ್ಷಮಾಪಣೆ ಬೇಡ, ಸ್ಮಾರಕ ಬೇಡ, ವಸ್ತುಸಂಗ್ರಹಾಲಯದಲ್ಲಿ ಒಂದು ಗಾಜಿನ ಪೆಟ್ಟಿಗೆಯೂ ಬೇಡ. ನಾವು ಏರದ ಹಡಗಿಗೆ, ನಾವು ಬರೆಯದ ಕಾಗದಕ್ಕೆ ಕಟ್ಟಿದ ಹಣದ ಲೆಕ್ಕ ತೆಗೆದು, ಬಡ್ಡಿ ಸಮೇತ ವಾಪಸು ಮಾಡಿಸಿ. ಬಡ್ಡಿಯ ದರಕ್ಕೆ ಚೌಕಾಸಿ ಬೇಡ, ನೀವೇ ಒಪ್ಪಿದ ದರ ಇದೆಯಲ್ಲ, ಶೇಕಡಾ ಎಂಟು.

ಇಂತಿ,
ಬಿಲ್ಲು ಕಟ್ಟಿದವರ ಮರಿಮೊಮ್ಮಗ