ಬಿಗಿ ಸಾಕ್ಸು, ಬಿರುಬಿಸಿಲು

ಸುರಪುರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಲ್ಲಿ ಇಳಿದವರ ಪಾದ ನೋಡಬೇಕು. ಚಪ್ಪಲಿಗೂ ಅದಕ್ಕೂ ನಂಟೇ ಕಡಿದಿರುತ್ತದೆ. ಮೀನಖಂಡ ಅಲುಗದಿದ್ದರೆ ರಕ್ತಕ್ಕೆ ಮೇಲೇರಲು ಸೋಮಾರಿತನ. ಕಣಕಾಲಲ್ಲಿ ಬಿಗಿಯಾಗಿ, ಮೇಲೇರಿದಂತೆ ಸಡಿಲಾಗುವ ಕಂಪ್ರೆಷನ್ ಸಾಕ್ಸ್ ಅದನ್ನು ಕೆಳಗಿನಿಂದ ದಬ್ಬುತ್ತದೆ. ಪ್ರಯಾಣಕ್ಕೆ ಸಾಮಾನ್ಯವಾಗಿ 15–20 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು.

ಆದರೆ 40 ಡಿಗ್ರಿ ದಾಟುವ ಯಾದಗಿರಿ ಬ್ಯಾಸಗಿಯಲ್ಲಿ ಅದನ್ನು ಹಾಕಿಕೊಳ್ಳುವುದೇ ದೊಡ್ಡ ವ್ಯಾಯಾಮ. ಬೆವೆತ ಕಾಲು ಒಳಗೆ ಹೋಗದು, ಹೋದದ್ದು ಹೊರಗೆ ಬಾರದು. ಶಹಾಪುರದ ನಮ್ಮ ಸೋದರಮಾವ ಗುಡ್ಡ ಹತ್ತಲೆಂದು ಮಂಚದ ಮೇಲೆ ಕೂತು ಎಳೆದಾಡುತ್ತಿದ್ದರೆ, ಅತ್ತಿ ಬಾಗಿಲಲ್ಲಿ ನಿಂತು, "ಏನ್ರೀ, ಗುಡ್ಡ ಇವತ್ತ ಹತ್ತತೀರೋ, ನಾಳಿಗೋ?" ಅಂದರು.

"ಓಟಗಾರರೆಲ್ಲ ಇದನ್ನ ಹಾಕತಾರ, ಸುಮ್ಮನಿರು!"

ಹಾಕುತ್ತಾರೆ, ನಿಜ. ವೇಗ ಹೆಚ್ಚುತ್ತದೆ ಅನ್ನುವುದಕ್ಕೆ ಮಾತ್ರ ಪುರಾವೆ ತೆಳು. ಮರುದಿನದ ನೋವು ತುಸು ತಗ್ಗಬಹುದು, ಅಷ್ಟೇ. ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತನಾಳ ಕಟ್ಟಿದವರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗದಿರುವುದು ಲೇಸು. (ಇದನ್ನು ಮಾವನಿಗೆ ಹೇಳುವ ಧೈರ್ಯ ಅತ್ತಿಗೆ ಮಾತ್ರ ಉಂಟು.)

ದಣಿವಾರಿಸಿಕೊಳ್ಳುವ ವಿದ್ಯೆ ಬೇಕಿದ್ದರೆ ಶಹಾಪುರದ ಪಕ್ಕ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನೇ ನೋಡಬಹುದು. ಯಾವ ಕಾಲದಿಂದಲೋ ಅಡ್ಡಾಗಿದೆ, ಸಾಕ್ಸಿನ ಹಂಗಿಲ್ಲದೆ.