ಹಾರವಾಡದಲ್ಲೊಂದು ಹೆಚ್ಚಿನ ಗುಡ್ಡ

ಅಂಕೋಲೆಗೂ ಕಾರವಾರಕ್ಕೂ ನಡುವಿನ ಹಾರವಾಡದಲ್ಲಿ ಗುಡ್ಡಕ್ಕೇನೂ ಬರವಿಲ್ಲ. ಬೆನ್ನಿಗೆ ಗುಡ್ಡ, ಎದುರಿಗೆ ಅರಬ್ಬಿ ಸಮುದ್ರ. ಆದರೂ ಕ್ಯಾಮೆರಾ ಹೊತ್ತು ಬಂದವರು ಕಣ್ಣು ಕಿರಿದು ಮಾಡಿ ನೋಡುವುದು ಪರದೆಯೊಳಗಿನ ಗುಡ್ಡವನ್ನೇ. ಅದರ ಹೆಸರು ಹಿಸ್ಟೋಗ್ರಾಮ್.

"ಅದೆಂತ ತಮಾ, ಇಸಿಜಿಯಾ?" ಎಂದು ಮೀನು ಒಣಗಿಸುವ ಅಜ್ಜಿ ಕೇಳಿದರೆ ತಪ್ಪಿಲ್ಲ. ಅದು ಚಿತ್ರದ ಬೆಳಕಿನ ನಕ್ಷೆ: ಎಡತುದಿ ಸೊನ್ನೆ, ಕಡುಗಪ್ಪು. ಬಲತುದಿ 255, ಅಚ್ಚಬಿಳಿ. ಯಾವ ಬೆಳಕಿನ ಚುಕ್ಕಿಗಳು ಹೆಚ್ಚೋ ಅಲ್ಲಿ ಗುಡ್ಡ ಎತ್ತರ. ಬಲಗೋಡೆಗೆ ಒರಗಿತೋ, ಅಲೆಯ ನೊರೆಯೆಲ್ಲ ಸುಣ್ಣ. ಎಡಗೋಡೆಗೆ ಒರಗಿತೋ, ದೋಣಿಯ ನೆರಳೆಲ್ಲ ಮಸಿ.

ಮಟಮಟ ಮಧ್ಯಾಹ್ನ ಪರದೆಯ ಚಿತ್ರವನ್ನು ನಂಬುವಂತಿಲ್ಲ, ಬಿಸಿಲಿಗೆ ಎಲ್ಲವೂ ಮಂಕು. ಕ್ಯಾಮೆರಾದ ಬೆಳಕಳೆಯುವ ಮೀಟರಂತೂ ಇನ್ನೂ ಮೊಂಡ: ಹೊಳೆಯುವ ಮರಳನ್ನೂ ಬೂದು ಮಾಡಿಯೇ ಅದಕ್ಕೆ ಸಮಾಧಾನ. ಎಕ್ಸ್‌ಪೋಶರನ್ನು ಒಂದಿಷ್ಟು ಪ್ಲಸ್‌ಗೆ ತಳ್ಳಿದರೆ ಮರಳು ಮರಳಿ ಮರಳಾಗುತ್ತದೆ. ಬೆಳಕನ್ನು ಸಂಸ್ಕರಿಸದೆ ಹಾಗೇ ಉಳಿಸುವ ರಾ ಫೈಲ್ ತೆಗೆಯುವವರು ಬೀಗುವುದು ಬೇಡ. ಬಹುಪಾಲು ಕ್ಯಾಮೆರಾಗಳು ಅವರಿಗೂ ತೋರಿಸುವುದು ಸಂಸ್ಕರಿಸಿದ ಜೆಪೆಗ್‌ನ ಗುಡ್ಡವನ್ನೇ.

ಗುಡ್ಡ ನಟ್ಟನಡುವೆಯೇ ಇರಬೇಕೆನ್ನುವ ಪಂಡಿತರಿಗೆ ನನ್ನದೊಂದು ದೂರದ ನಮಸ್ಕಾರ. ಸಂಜೆಯ ಕಪ್ಪು ದೋಣಿಗೆ ಎಡಕ್ಕೆ ವಾಲಿದ ಗುಡ್ಡವೇ ಚೆಂದ. ಇನ್ನು ಕೆಲವರಿಗೆ, ಸೂರ್ಯನನ್ನೇ ಚೌಕಟ್ಟಿನಲ್ಲಿ ಕೂರಿಸಿಕೊಂಡು, ಒಂದು ಚುಕ್ಕಿಯೂ ಬಲಗೋಡೆ ಮುಟ್ಟಬಾರದೆಂಬ ಹಠ. ಅವರು ಗುಂಡಿ ತಿರುಗಿಸಿ ಗುಡ್ಡ ತಿದ್ದುವಷ್ಟರಲ್ಲಿ ಸೂರ್ಯ ಮುಳುಗಿ, ಇಡೀ ಹಾರವಾಡವೇ ಎಡಗೋಡೆಗೆ ಒರಗಿರುತ್ತದೆ.