ರಾಣೇಬೆನ್ನೂರು ಎಂಬ ಕಲ್ಲು

ನಮ್ಮ ಕಡೆಯ ಊರುಗಳಿಗೆ ಹೆಸರು ಬಂದದ್ದು ಬಹುಮಟ್ಟಿಗೆ ಬಾಯಿಯಿಂದ. ಧಾರವಾಡ ಅಂದರೆ ಪೇಡೆ, ಬ್ಯಾಡಗಿ ಅಂದರೆ ಮೆಣಸಿನಕಾಯಿ, ಸವಣೂರು ಅಂದರೆ ವೀಳ್ಯದೆಲೆ. ರಾಣೇಬೆನ್ನೂರು ಮಾತ್ರ ತಿನ್ನುವುದನ್ನು ಬಿಟ್ಟು ಬಿತ್ತುವುದನ್ನು ಮಾರಿ ಹೆಸರು ಮಾಡಿತು. ಹತ್ತಿಬೀಜ, ತರಕಾರಿ ಬೀಜ ಬೇಕೆಂದವರು ಇಂದಿಗೂ ಅಲ್ಲಿಗೇ ಬರುತ್ತಾರೆ. ಹಲಗೇರಿಯವರಾದ ನಮಗೆ ಹೀಗೆ ಹೇಳಿಕೊಳ್ಳಲು ಏನೂ ಇಲ್ಲ. ರೈಲಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ "ರಾಣೇಬೆನ್ನೂರ ಬಾಜೂಕ" ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತೇವೆ.

ಆದರೆ ಪೇಡೆ, ಬೀಜ ಯಾವುದನ್ನೂ ಕೇಳಿರದೆ ಈ ಊರುಗಳ ಹೆಸರನ್ನು ದಿನಾ ಜಪಿಸುವ ಒಂದು ಜನ ಜಗತ್ತಿನಲ್ಲಿದೆ. ಅವರು ಭೂವಿಜ್ಞಾನಿಗಳು. ಕೆನಡಾದಲ್ಲಿ, ಆಸ್ಟ್ರೇಲಿಯಾದಲ್ಲಿ ಕೂತು ಹಳೆಯ ಕಲ್ಲುಗಳ ಲೆಕ್ಕ ಹಾಕುವವರಿಗೆ ಧಾರವಾಡ ಅಂದರೆ ದಕ್ಷಿಣ ಭಾರತದ ಒಂದು ದೊಡ್ಡ ಪಾಲನ್ನು ಹೊತ್ತು ನಿಂತಿರುವ ಪುರಾತನ ನೆಲಗಟ್ಟು, 'ಧಾರವಾಡ ಕ್ರೇಟಾನ್'. ಅದರೊಳಗಿನ ಒಂದು ಶಿಲಾಸ್ತೋಮದ ಹೆಸರು ಸಾಕ್ಷಾತ್ ರಾಣೇಬೆನ್ನೂರು! ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಯಾರಿಗಾದರೂ ಹೇಳಿ ನೋಡಿ. ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಚೀಲ ಎತ್ತಿಕೊಂಡು ಆಚೆಗೆ ಸರಿಯುತ್ತಾರೆ.

ಧಾರವಾಡಕ್ಕೆ ಈ ಕಲ್ಲಿನ ಪಟ್ಟ ಕಟ್ಟಿದವನು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರಿಗೆ ಸೇರಿದ ಈ ಮನುಷ್ಯ ದಕ್ಷಿಣದ ನೆಲವನ್ನು ವರ್ಷಗಟ್ಟಲೆ ಸುತ್ತಿದ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿ, ಇಲ್ಲಿ ಆದಿಮಾನವ ಇದ್ದನೆಂದು ತೋರಿಸಿದವನೂ ಅವನೇ. ನಮ್ಮ ಸೀಮೆಯನ್ನು ಆಗ 'ದಕ್ಷಿಣ ಮರಾಠಾ ದೇಶ' ಎನ್ನುತ್ತಿದ್ದರು. ಅದರ ಭೂರಚನೆಯ ಬಗ್ಗೆ 1876ರಲ್ಲಿ ಅವನ ದೊಡ್ಡ ಗ್ರಂಥ ಬಂತು. 1888ರಲ್ಲಿ ಪ್ರಕಟವಾದ ಇನ್ನೊಂದು ಬರಹದಲ್ಲಿ, ದಕ್ಷಿಣದ ಚಿನ್ನ ಮುಖ್ಯವಾಗಿ ಈ ಧಾರವಾಡ ಶಿಲೆಗಳಲ್ಲೇ ಇದೆ ಎಂದು ಬರೆದ. ಆಗ ಹಾವೇರಿಯೂ ಧಾರವಾಡ ಜಿಲ್ಲೆಯೊಳಗೇ ಇತ್ತು. 1997ರಲ್ಲಿ ನಾವು ಬೇರೆ ಜಿಲ್ಲೆಯಾಗಿ, ಬೇರೆ ಕಲೆಕ್ಟರು, ಬೇರೆ ಕಚೇರಿ ಎಲ್ಲ ಪಡೆದೆವು. ಕಲ್ಲುಗಳಿಗೆ ಗೆಜೆಟ್ ಓದುವ ರೂಢಿಯಿಲ್ಲವಾದ್ದರಿಂದ ಅವು ಇನ್ನೂ ಧಾರವಾಡದವೇ ಆಗಿ ಉಳಿದಿವೆ.

ಸರಿ, ಈ ರಾಣೇಬೆನ್ನೂರು ಕಲ್ಲು ಎಂಥದು? ನೋಡಲು ಲಕ್ಷಣವಾಗಿದೆ ಅನ್ನಲಾರೆ. ಬೂದು, ಹಸಿರು-ಬೂದು ಬಣ್ಣ. ಗ್ರೇವ್ಯಾಕ್ ಎಂಬ ಒರಟು ಮರಳುಗಲ್ಲು, ನಡುನಡುವೆ ನುಣುಪಾದ ಜೇಡಿಶಿಲೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಇದು ಕಲ್ಲಾಗಿರಲಿಲ್ಲ, ಸಮುದ್ರದ ತಳದ ಕೆಸರಾಗಿತ್ತು. ಈ ಸಂಗತಿಯನ್ನು ಬಾಜೂ ಹೊಲದ ಅಜ್ಜನಿಗೆ ಹೇಳಿದೆ. ಅವರು ಬಾಯಿಯ ಎಲೆ ಉಗಿದು ಬಂದು ಕೇಳಿದರು:

"ಸಮುದ್ರಾ? ನಮ್ಮ ಹಲಗೇರ್ಯಾಗ?"

"ಹೌದಜ್ಜಾ."

"ಮೀನ ಇದ್ವೇನು ಹಂಗಾರ?"

"ಇಲ್ಲ. ಮೀನು ಆಗಿನ್ನೂ ಹುಟ್ಟಿದ್ದಿಲ್ಲ. ಕಣ್ಣಿಗೆ ಕಾಣದಂಥ ಜೀವಿಗಳಷ್ಟ."

"ಮೀನಿಲ್ಲದ್ದು ಎಂಥಾ ಸಮುದ್ರರೀ ಮಾಸ್ತರ್ರ ಅದು! ಮಳಿ ನೀರು ನಿಂತಿದ್ದೀತು."

ಅಜ್ಜನ ಅನುಮಾನ ನ್ಯಾಯವಾದದ್ದೇ. ಇಲ್ಲಿಂದ ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಅಲ್ಲಿಯವರೆಗೆ ಹೋಗಿ ಬಂದವರು ನಮ್ಮಲ್ಲಿ ಈಗಲೂ ಫೋಟೋ ತೋರಿಸುತ್ತಾರೆ. ಆದರೆ ಕಲ್ಲು ಸಾಕ್ಷಿ ಹೇಳುತ್ತದೆ. ಅದನ್ನು ನಂಬಿಸಲು ನಾನು ಶಾಲೆಯಲ್ಲಿ ಮಾಡಿಸುತ್ತಿದ್ದ ಒಂದು ಆಟವಿದೆ. ಗಾಜಿನ ಲೋಟದಲ್ಲಿ ನೀರು ಹಾಕಿ, ಒಂದು ಹಿಡಿ ಹೊಲದ ಮಣ್ಣು ಸುರಿದು, ಚೆನ್ನಾಗಿ ಅಲುಗಿಸಿ ಸುಮ್ಮನೆ ಇಟ್ಟುಬಿಡಬೇಕು. ಮೊದಲು ಹರಳು ಕೂರುತ್ತದೆ, ಅದರ ಮೇಲೆ ಉಸುಕು, ಕೊನೆಗೆ ಬಹಳ ಹೊತ್ತಿನ ಮೇಲೆ ರಾಡಿ. ಆ ಹಳೆಯ ಸಮುದ್ರದ ಇಳಿಜಾರಿನಲ್ಲಿ ಆಗಾಗ ಕೆಸರು ಕುಸಿದು ಆಳಕ್ಕೆ ಧುಮುಕುತ್ತಿತ್ತು. ಪ್ರತಿ ಕುಸಿತಕ್ಕೂ ಕೆಳಗೆ ಒರಟು, ಮೇಲೆ ನಯವಾದ ಒಂದು ಪದರ. ಅದರ ಮೇಲೆ ಮತ್ತೊಂದು, ಮಗದೊಂದು. ಕಲ್ಲು ಒಡೆದು ನೋಡುವ ಕಣ್ಣಿದ್ದವರಿಗೆ ಈ ಓದು ಸುಲಭ. ನಮ್ಮ ಮಕ್ಕಳಿಗೆ ಲೋಟವೇ ಸಾಕಾಗಿತ್ತು. ಆಮೇಲೆ ಆ ರಾಡಿಯನ್ನು ಯಾರ ಅಂಗಿಯ ಮೇಲೆ ಚೆಲ್ಲಬೇಕು ಎಂಬುದರಲ್ಲಿ ಅವರ ವಿಜ್ಞಾನಾಸಕ್ತಿ ಮುಂದುವರಿಯುತ್ತಿತ್ತು.

ಕೆಸರು ಹಾಗೇ ಇದ್ದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅದು ಹಲವು ಕಿಲೋಮೀಟರ್ ಆಳಕ್ಕೆ ಹೂತು ಹೋಯಿತು, ಅಕ್ಕಪಕ್ಕದಿಂದ ಒತ್ತಡ ಬಿತ್ತು, ಕಾವು ಹತ್ತಿತು. ಮಲಗಿದ್ದ ಪದರಗಳು ಮಡಿಚಿಕೊಂಡು ಎಷ್ಟೋ ಕಡೆ ನೆಟ್ಟಗೆ ಎದ್ದು ನಿಂತವು. ರಾಡಿ ಕಲ್ಲಾಯಿತು. ಅದೇ ಕಾವು-ಒತ್ತಡದಲ್ಲಿ ಬೇರೆ ಜಾತಿಯ ಶಿಲೆಗಳು ಮೆತ್ತಗಾಗಿ ಬಳಪದ ಕಲ್ಲಿನಂಥವೂ ಆದವು. ಇದರ ಲಾಭ ಪಡೆದವರು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು. ಬಾದಾಮಿ, ಪಟ್ಟದಕಲ್ಲಿನಲ್ಲಿ ಅವರ ಹಿರಿಯರು ಮರಳುಗಲ್ಲಿನೊಡನೆ ಗುದ್ದಾಡಿದ್ದರು. ಇವರು ಈ ಕಡೆ ಬಂದು, ಉಳಿ ಇಟ್ಟರೆ ಮಾತು ಕೇಳುವ ಕಲ್ಲು ಕಂಡರು. ಹಾವೇರಿಯ ಸಿದ್ಧೇಶ್ವರ, ಗಳಗನಾಥ, ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ಇವೆಲ್ಲ ಆ ಕಲ್ಲಿನ ಫಲ. ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದದ್ದು, ಗೋಡೆಗೆ ಪುಟ್ಟ ಪುಟ್ಟ ಶಿಖರಗಳನ್ನು ಅಂಟಿಸಿದ್ದು ನೋಡಿದರೆ, ಶಿಲ್ಪಿಗೆ ಕೈ ನಿಲ್ಲಿಸುವುದೇ ಕಷ್ಟವಾಗಿತ್ತೇನೋ ಅನ್ನಿಸುತ್ತದೆ. ಮೆತ್ತನೆ ಕಲ್ಲು ಸಿಕ್ಕರೆ ಹಾಗೇ. ಪ್ರೇಮಿಗಳೂ ಅದೇ ಕಾರಣಕ್ಕೆ ಗುಡಿಯ ಗೋಡೆಗಳ ಮೇಲೆ ತಮ್ಮ ಹೆಸರು ಕೆತ್ತುತ್ತಾರೆ, ಅದು ಬೇರೆ ಮಾತು.

ಇನ್ನು ಆಳದಲ್ಲಿ ಹೂತದ್ದು ಮೇಲೆ ಬಂದದ್ದು ಹೇಗೆ? ಅದನ್ನು ಯಾರೂ ಎತ್ತಿ ತರಲಿಲ್ಲ. ಮೇಲಿದ್ದದ್ದು ಬಿಸಿಲು, ಮಳೆ, ಹೊಳೆಗಳಿಗೆ ಸಿಕ್ಕು ಸವೆದು ಹೋಯಿತು. ಹೊರೆ ಇಳಿದಂತೆ ಕೆಳಗಿನದು ಮೇಲಕ್ಕೆದ್ದಿತು. ನಾವು ಇವತ್ತು ಕುಂಟೆ ಹೊಡೆಯುವ ನೆಲ ಒಂದು ಕಾಲಕ್ಕೆ ಕಿಲೋಮೀಟರುಗಟ್ಟಲೆ ಕೆಳಗಿದ್ದ ನೆಲ. ಹಿಮಾಲಯದ ಗುಡ್ಡಗಳು ಇನ್ನೂ ಬೆಳೆಯುವ ವಯಸ್ಸಿನವು. ನಮ್ಮ ಬಯಲಿನ ಗುಡ್ಡಗಳು ಬೆಳೆದು ನಿಂತವಲ್ಲ, ಸುತ್ತಲಿನದೆಲ್ಲ ಹೋದ ಮೇಲೆ ಉಳಿದುಕೊಂಡವು. ಗುಡ್ಡವೆಂದರೆ ನಮಗೆ ನೆನಪಾಗುವುದು ದೇವರಗುಡ್ಡ. ದಸರೆಯ ಹೊತ್ತಿಗೆ ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ಮಾಲತೇಶನ ಕಾರ್ಣಿಕ ನುಡಿಯುತ್ತಾನೆ. ಆ ಒಂದು ಸಾಲಿನಲ್ಲಿ ಮಳೆ ಎಷ್ಟು, ಬೆಳೆ ಹೇಗೆ, ಸರಕಾರ ಉಳಿಯುತ್ತದೋ ಇಲ್ಲವೋ ಎಂದು ಊರೂರಿನ ಕಟ್ಟೆಗಳಲ್ಲಿ ವಾರಗಟ್ಟಲೆ ಅರ್ಥ ತೆಗೆಯುತ್ತಾರೆ. ಭೂವಿಜ್ಞಾನಿಗಳ ನುಡಿಯೂ ಅಷ್ಟೇ ಚುಟುಕು, ಅಷ್ಟೇ ಗೂಢ. ಒಂದೇ ವ್ಯತ್ಯಾಸವೆಂದರೆ ಅವರ ಕಾರ್ಣಿಕ ಕೇಳಲು ಯಾರೂ ಬಂಡಿ ಕಟ್ಟಿಕೊಂಡು ಹೋಗುವುದಿಲ್ಲ.

ಕಲ್ಲು ಸವೆದದ್ದು ಎಲ್ಲಿಗೆ ಹೋಯಿತು ಎಂದರೆ, ಸ್ವಲ್ಪ ಹೊಳೆಗೆ, ಸ್ವಲ್ಪ ನಮ್ಮ ಮನೆಯ ಗೋಡೆಗೆ. ಇದನ್ನು ತುಸು ಬಿಡಿಸಿ ಹೇಳಬೇಕು. ದಿನ್ನೆಯ ಮೇಲೆ ನೀರು ನಿಲ್ಲದ ಕಡೆ ಕಲ್ಲು ಕೊಳೆತರೆ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪು ಮಸಾರಿ ಆಗುತ್ತದೆ. ತಗ್ಗಿನಲ್ಲಿ ನೀರು ತಂಗುವ ಕಡೆ ಕರಿ ಎರೆ. ಎರೆಮಣ್ಣಿನ ಜೇಡಿಯ ಕಣಗಳು ತೆಳ್ಳಗಿನ ಹಾಳೆಗಳ ಕಟ್ಟು. ಹಾಳೆಗಳ ಸಂದಿಗೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬ್ಯಾಸಗಿಯಲ್ಲಿ ಎರೆ ಹೊಲಕ್ಕೆ ಹೋದವರು ಕುಡುಗೋಲನ್ನು ಎಚ್ಚರದಿಂದ ಹಿಡಿದುಕೊಳ್ಳಬೇಕು. ಬಿರುಕಿನಲ್ಲಿ ಬಿತ್ತೋ, ಮೊಳಕೈಯವರೆಗೆ ತೂರಿಸಿದರೂ ಸಿಗಲಿಕ್ಕಿಲ್ಲ. ಮೇಲಿನ ಮಣ್ಣು ಈ ಬಿರುಕುಗಳೊಳಗೆ ಉದುರುತ್ತದೆ. ಮಳೆ ಬಂದಾಗ ಕೆಳಗೆ ಉಬ್ಬಿದ ಮಣ್ಣಿಗೆ ಜಾಗ ಸಾಲದೆ ಮೇಲಕ್ಕೆ ದಬ್ಬುತ್ತದೆ. ಹೀಗೆ ಎರೆ ತನ್ನನ್ನು ತಾನೇ ಮಗುಚಿ ಹಾಕಿಕೊಳ್ಳುತ್ತದೆ. ಎರೆ ಹೊಲ ತಾನೇ ಉತ್ತುಕೊಳ್ಳುತ್ತದೆಂದು ಹಿರಿಯರು ಹೇಳುವುದು ಬರೀ ಸೋಮಾರಿಗಳ ಸಮಾಧಾನವಲ್ಲ.

ಹೊಲ ಉತ್ತುಕೊಂಡರೆ ಸಂತೋಷ. ಮನೆಯ ಅಡಿಯಲ್ಲೂ ಅದೇ ಕೆಲಸ ನಡೆದರೆ ಏನು ಮಾಡುವುದು? ಊರಂಚಿನ ಎರೆಯಲ್ಲಿ ಕಟ್ಟಿಸಿದ ನಮ್ಮ ಮನೆಯಲ್ಲಿ ಪಡಸಾಲೆಯ ಕಿಟಕಿಯ ಮೇಲಿಂದ ಒಂದು ಸೀಳು ಹೊರಟಿದೆ. ಯುಗಾದಿಗೆ ಎಳೆಯಷ್ಟು, ಬಸವಜಯಂತಿಗೆ ಎಂಟಾಣೆ ತೂರುವಷ್ಟು. ಗಾಬರಿಯಾಗಿ ಗೌಂಡಿಯನ್ನು ಕರೆಸಿದರೆ ಅವನು ನೋಡಿ, ಚಹಾ ಕುಡಿದು, "ಮಳಿಗಾಲ ಬರ್ಲಿ ಬಿಡ್ರಿ ಮಾಸ್ತರ್ರ, ತಾನ ಕೂಡ್ತೈತಿ" ಎಂದ. ನಿಜಕ್ಕೂ ಕೂಡಿತು. ಮುಂದಿನ ವರ್ಷ ಮತ್ತೆ ಬಿಟ್ಟಿತು. ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿ, ಎರೆ ತೆಗೆದು ಗರಸು ತುಂಬಿಸಬೇಕಾಗಿತ್ತು. ಆ ಖರ್ಚಿನ ಲೆಕ್ಕ ನೋಡಿದಾಗ ಸೀಳೇ ಅಗ್ಗ ಎನಿಸಿತ್ತು. ಈಗ ಅದಕ್ಕೆ ಹೊಂದಿಕೊಂಡಿದ್ದೇವೆ. ನಮ್ಮ ಕಡೆ ಮನೆ ಮಾರುವವರು ಶ್ರಾವಣದಲ್ಲಿ ತೋರಿಸುತ್ತಾರೆ, ತಿಳಿದವರು ಕೊಳ್ಳಲು ಬ್ಯಾಸಗಿಯಲ್ಲೇ ಬರುತ್ತಾರೆ. ಕನ್ಯೆ ನೋಡಲು ಹೋದ ಹಿರಿಯರೂ ಹುಡುಗಿಗಿಂತ ಮೊದಲು ಹೊಲ ಎರೆಯೋ ಮಸಾರಿಯೋ ಎಂದು ವಿಚಾರಿಸುವುದುಂಟು.

ಇಷ್ಟಾದರೂ ಎರೆಯನ್ನು ಬೈಯುವವರು ನಮ್ಮಲ್ಲಿಲ್ಲ. ಮಳೆ ಕೈಕೊಟ್ಟ ಮೇಲೂ ಅದು ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯಲ್ಲೇ ಬೆಳೆದು, ಖಾರ ಕಡಿಮೆ, ಬಣ್ಣ ಕಡುಗೆಂಪು, ಮೈಯೆಲ್ಲ ಸುಕ್ಕು ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮೀನಿಲ್ಲದ ಸಮುದ್ರದ ಕೆಸರು ಕಲ್ಲಾಗಿ, ಕಲ್ಲು ಕೊಳೆತು ಮತ್ತೆ ಕೆಸರಾಗಿ ಮೆಣಸಿನ ಗಿಡವನ್ನು ಹೊತ್ತು ನಿಂತಿದೆ ಎಂದರೆ ಬ್ಯಾಡಗಿ ಪೇಟೆಯ ದಲಾಲರು ದರವನ್ನೇನೂ ಏರಿಸುವುದಿಲ್ಲ.

ಹೊಳೆಗಳ ಸ್ವಭಾವ ಇನ್ನೂ ವಿಚಿತ್ರ. ವರದೆ ಹುಟ್ಟುವುದು ಸಾಗರದ ಹತ್ತಿರ ವರದಾಮೂಲದಲ್ಲಿ, ಶರಾವತಿ ಹುಟ್ಟುವುದು ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ. ನೆರೆಹೊರೆಯವೇ. ಶರಾವತಿ ಪಡುವಣಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಧುಮುಕಿ ಅರಬ್ಬೀ ಸಮುದ್ರ ಸೇರಿಬಿಡುತ್ತದೆ. ವರದೆ ಮಾತ್ರ ಬೆನ್ನ ಹಿಂದೆಯೇ ಇದ್ದ ಸಮುದ್ರವನ್ನು ಬಿಟ್ಟು ಮೂಡಣಕ್ಕೆ ನಡೆದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಕಾರಣ, ಪ್ರಸ್ಥಭೂಮಿಯ ಪಡುವಣದ ಅಂಚು ಎತ್ತರ, ನೆಲವೆಲ್ಲ ಮೂಡಣಕ್ಕೆ ವಾಲಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಯಿತಲ್ಲ, ಆಗ ಉಕ್ಕಿದ ಲಾವಾದ ಕಂಬಗಳು ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಇಂದಿಗೂ ನಿಂತಿವೆ. ಘಟ್ಟದ ಗೋಡೆಯ ಕಥೆ ಶುರುವಾಗುವುದೂ ಅಂಥ ಬಿರುಕುಗಳಿಂದಲೇ. ನಮ್ಮ ಪಡಸಾಲೆಯ ಸೀಳು ಅದರ ಮುಂದೆ ಏನೂ ಅಲ್ಲ ಎಂದು ಮನೆಯಾಕೆಗೆ ಹೇಳಿದ್ದೆ. ಮಡಗಾಸ್ಕರಿಗೆ ಸುಣ್ಣ ಬಳಿಯುವವರು ಯಾರೂ ಇರಲಿಲ್ಲ, ನೀವಿದ್ದೀರಿ ಎಂದಳು.

ಹೊಳೆ ಹೊತ್ತು ತಂದು ದಂಡೆಯಲ್ಲಿ ಹಾಕುವ ಉಸುಕಿಗೆ ಮಾತ್ರ ಈಗ ಕೂರಲು ಪುರುಸೊತ್ತಿಲ್ಲ. ಘಟ್ಟದ ಕಲ್ಲನ್ನು ಅರೆದು ತುಂಗಭದ್ರೆ ಎಷ್ಟೋ ಶತಮಾನದಲ್ಲಿ ಕೂಡಿಟ್ಟದ್ದನ್ನು ಟಿಪ್ಪರುಗಳು ಒಂದು ರಾತ್ರಿಯಲ್ಲಿ ಎತ್ತುತ್ತವೆ. ಭೂಮಿಯ ಕೆಲಸದಲ್ಲಿ ಅವಸರ ಎಂಬುದು ಹೊಸದಾಗಿ ಸೇರಿದ್ದು, ಅದನ್ನು ಸೇರಿಸಿದವರು ನಾವೇ.

ನಮ್ಮ ನೆಲ ಗಟ್ಟಿ, ಇಲ್ಲಿ ಏನೂ ಆಗುವುದಿಲ್ಲ ಎಂಬ ಧೈರ್ಯ ಊರಲ್ಲಿ ಎಲ್ಲರಿಗೂ ಇದೆ. ಇರಬೇಕಾದದ್ದೇ, ಕಾಲಡಿಯ ಭೂತೊಗಟೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದಪ್ಪ. ಅಷ್ಟು ದೂರ ಅಡ್ಡಡ್ಡ ಹೋದರೆ ರಾಣೇಬೆನ್ನೂರಿನಿಂದ ಹೊರಟ ಬಸ್ಸು ಹಾವೇರಿ ದಾಟಿರುತ್ತದೆ. ಆದರೂ 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿತು, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನೆಲಸಮವಾಯಿತು. ಎರಡೂ ಗಟ್ಟಿ ನೆಲವೆಂದೇ ಹೆಸರಾಗಿದ್ದ ಕಡೆಯವು. ಇಡೀ ಭಾರತದ ಹಲಗೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತ ಹಿಮಾಲಯಕ್ಕೆ ಎದೆಗೊಟ್ಟಿದೆ. ಹಾವೇರಿ ಜಿಲ್ಲೆಯಾದ ಮೇಲೆ ಲೆಕ್ಕ ಹಾಕಿದರೂ ನಾವು ನಾಲ್ಕು ಅಡಿಗೂ ಹೆಚ್ಚು ಸರಿದಿದ್ದೇವೆ.

ಈ ಸುದ್ದಿ ಬಾಜೂ ಹೊಲದ ಅಜ್ಜನಿಗೆ ಮಾತ್ರ ಬಹಳ ಹಿಡಿಸಿತು. ಬದುವಿನ ಅರ್ಧ ಅಡಿಗಾಗಿ ಅವರಿಗೂ ಅವರ ಆಚೆಯ ಹೊಲದವರಿಗೂ ವರ್ಷಾನುಗಟ್ಟಲೆ ಕೋರ್ಟಿನಲ್ಲಿ ನಡೆದಿದೆ. ಹತ್ತಿರ ಸರಿದು ಕೂತು ಕೇಳಿದರು:

"ನಾಕ ಫೂಟ ಅಂದ್ರಿ? ಮ್ಯಾಪಿನ್ಯಾಗ ಏರಿಸ್ಯಾರೇನ್ರಿ?"

"ಇಲ್ಲಜ್ಜಾ, ನಮ್ಮ ಸರ್ವೇ ಮ್ಯಾಪಿನ್ಯಾಗ ಇಲ್ಲ."

"ಯಾ ದಿಕ್ಕಿಗಿ ಸರದೈತಿ?"

"ಈಶಾನ್ಯಕ್ಕ."

ಅಜ್ಜನ ಮುಖ ಅರಳಿತು. ಆಚೆಯ ಹೊಲ ಇರುವುದು ಸರಿಯಾಗಿ ಆ ದಿಕ್ಕಿಗೇ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆಮೇಲೆ ಅನುಮಾನ ಬಂತು.

"ಅವನ ಹೊಲಾನೂ ಸರದೈತೇನ್ರಿ?"

"ಅದೂ ಅಷ್ಟ ಸರದೈತಿ."

"ಅಷ್ಟ?"

"ಅಷ್ಟ."

ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಎದ್ದರು. "ಹಂಗಾರ ಸೋಮವಾರ ತಾರೀಖಿಗೆ ಹೋಗೂದು ತಪ್ಪಲಿಲ್ಲ ಬಿಡ್ರಿ."